ವೀಣೆ ಬಲ್ಲ ತಂದೆಯವರೊಂದಿಗೆ ನ್ಯಾಶ್‌ವಿಲ್‌ಗೆ: ಎಲ್ಲಿ ಕುಳಿತು ಕೇಳಬೇಕು?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ನಾವು ಅಟ್ಲಾಂಟಾದಲ್ಲಿ ನೆಲೆಸಿರುವವರು. ಶಿವಮೊಗ್ಗದಿಂದ ಬಂದಿರುವ ನನ್ನ ತಂದೆ ತಾಯಿಯರನ್ನು ಅಕ್ಟೋಬರ್ ತಿಂಗಳ ಒಂದು ವಾರಾಂತ್ಯಕ್ಕೆ, ಇನ್ನೆರಡು ದಿನ ರಜೆ ಸೇರಿಸಿಕೊಂಡು, ಟೆನೆಸ್ಸೀ ರಾಜ್ಯದ ನ್ಯಾಶ್‌ವಿಲ್‌ಗೆ ಕರೆದುಕೊಂಡು ಹೋಗಬೇಕೆಂದಿದ್ದೇವೆ. ತಂದೆಯವರು ಬಹುಕಾಲ ವೀಣೆ ನುಡಿಸಿದವರು, ರಾಮನವಮಿಯ ಕಛೇರಿಗಳನ್ನು ಕೇಳುತ್ತ ಬೆಳೆದವರು. ಅಮೆರಿಕದ ಸಂಗೀತದ ಪರಿಚಯ ಅವರಿಗೆ ಇಲ್ಲ, ಆದರೆ ಇಷ್ಟು ದೂರ ಬಂದ ಮೇಲೆ ಇಲ್ಲಿಯವರ ಹಾಡನ್ನು ಇಲ್ಲಿಯವರ ನಡುವೆಯೇ ಕುಳಿತು ಕೇಳಬೇಕೆಂಬುದು ಅವರದೇ ಆಸೆ. ತಾಯಿಯವರಿಗೆ ಮಂಡಿ ನೋವು ಇರುವುದರಿಂದ ಹೆಚ್ಚು ನಡೆಯಲಾಗದು. ಇಬ್ಬರೂ ಸಸ್ಯಾಹಾರಿಗಳು.

ಅಂತರ್ಜಾಲದಲ್ಲಿ ನಾನು ಓದಿದ ಬರಹಗಳೆಲ್ಲ ಬ್ರಾಡ್‌ವೇ ಬೀದಿಯ ಬಾರುಗಳ ಸುತ್ತಲೇ ತಿರುಗುತ್ತವೆ. ಮದ್ಯ ಕುಡಿಯದ, ಗದ್ದಲ ಒಗ್ಗದ, ಆದರೆ ಗಂಭೀರವಾಗಿ ಸಂಗೀತ ಕೇಳಬಲ್ಲ ಹಿರಿಯರಿಗೆ ಆ ನಗರದಲ್ಲಿ ಏನಿದೆ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಹಳೇ ರೇಡಿಯೋ:

ತುಂಗಾತೀರ ಅವರೇ, ನಾನು ನ್ಯಾಶ್‌ವಿಲ್‌ನಲ್ಲಿಯೇ ಇರುವವನು. ನಿಮ್ಮ ತಂದೆಯವರಂಥ ಶ್ರೋತೃಗಳಿಗೆ ಈ ಊರು ಕೊಡುವಷ್ಟನ್ನು ಕೊಡಬಲ್ಲ ಊರುಗಳು ಈ ದೇಶದಲ್ಲಿ ಹೆಚ್ಚಿಲ್ಲವೆಂದು ನಂಬಿದ್ದೇನೆ. ಒಂದೇ ಕೋರಿಕೆ: ನೋಡಬೇಕಾದ ಸ್ಥಳಗಳ ಪಟ್ಟಿಯನ್ನು ಕಡಿಮೆ ಮಾಡಿ, ಕುಳಿತು ಕೇಳುವ ಸಂಜೆಗಳನ್ನು ಮೊದಲು ಗೊತ್ತುಮಾಡಿಕೊಳ್ಳಿ. ಉಳಿದ ಸಮಯ ತಾನಾಗಿ ತುಂಬಿಕೊಳ್ಳುತ್ತದೆ.

ಮೊದಲ ಸಂಜೆಯನ್ನು ಗ್ರ್ಯಾಂಡ್ ಓಲ್ ಆಪ್ರಿಗೆ ಮೀಸಲಿಡಿ. ಇದು ವಾಸ್ತವದಲ್ಲಿ ಒಂದು ರೇಡಿಯೋ ಕಾರ್ಯಕ್ರಮ. ನ್ಯಾಶನಲ್ ಲೈಫ್ ಎಂಬ ವಿಮಾ ಸಂಸ್ಥೆ 1925ರಲ್ಲಿ ಡಬ್ಲ್ಯೂಎಸ್‌ಎಂ ಎಂಬ ಬಾನುಲಿ ಕೇಂದ್ರವನ್ನು ತೆರೆಯಿತು; ಅದೇ ವರ್ಷದ ನವೆಂಬರ್‌ನಲ್ಲಿ, ಹಳ್ಳಿಗಾಡಿನ ಪಿಟೀಲುಗಾರರನ್ನೂ ಹಾಡುಗಾರರನ್ನೂ ಶನಿವಾರ ರಾತ್ರಿ ನೇರಪ್ರಸಾರದಲ್ಲಿ ಕೇಳಿಸುವ ಪದ್ಧತಿ ಆರಂಭವಾಯಿತು. ಅದು ಇಂದಿಗೂ ನಡೆಯುತ್ತಿದೆ, ಇಂದಿಗೂ ನೇರವಾಗಿ ಪ್ರಸಾರವಾಗುತ್ತದೆ. ಒಬ್ಬೊಬ್ಬ ಕಲಾವಿದರು ಬಂದು ಎರಡು ಮೂರು ಹಾಡುಗಳನ್ನು ಹಾಡಿ ಹೋಗುತ್ತಾರೆ, ನಡುವೆ ಉದ್ಘೋಷಕರು ವೇದಿಕೆಯ ಮೇಲೆಯೇ ನಿಂತು ಜಾಹೀರಾತುಗಳನ್ನು ಓದುತ್ತಾರೆ. ಎಂಬತ್ತರ ವಯಸ್ಸಿನ ಹಿರಿಯರೂ ನಿನ್ನೆ ಮೊನ್ನೆ ಹೆಸರು ಮಾಡಿದ ಯುವಕರೂ ಒಂದೇ ರಾತ್ರಿ ಕಾಣಸಿಗುವುದರಿಂದ, ಪರಿಚಯವಿಲ್ಲದವರಿಗೆ ಈ ಸಂಗೀತದ ಹರಹನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಈಗಿನ ಆಪ್ರಿ ಭವನ 1974ರಲ್ಲಿ ತೆರೆದದ್ದು. ನಗರದ ನಡುಭಾಗದಿಂದ ಕಾರಿನಲ್ಲಿ ಸ್ವಲ್ಪ ದೂರವಿದೆ, ಆಸನಗಳು ಸುಖವಾಗಿವೆ.

ಆಪ್ರಿಯ ಹಳೆಯ ಮನೆ ರೈಮನ್ ಸಭಾಂಗಣ. ಥಾಮಸ್ ರೈಮನ್ ಎಂಬ ಹಡಗು ವ್ಯಾಪಾರಿ ಒಬ್ಬ ಧರ್ಮಪ್ರಚಾರಕನ ಉಪದೇಶದಿಂದ ಮನಸ್ಸು ತಿರುಗಿ ಕಟ್ಟಿಸಿದ ಪ್ರಾರ್ಥನಾಮಂದಿರ ಅದು, 1892ರಲ್ಲಿ ಪೂರ್ಣಗೊಂಡಿತು. ಅಲ್ಲಿ ಇಂದಿಗೂ ಬಿಡಿ ಕುರ್ಚಿಗಳಿಲ್ಲ, ಚರ್ಚಿನ ಉದ್ದನೆಯ ಮರದ ಬೆಂಚುಗಳೇ ಇವೆ. ಧ್ವನಿವರ್ಧಕಗಳಿಲ್ಲದ ಕಾಲದಲ್ಲಿ ಪ್ರವಚನಕಾರನ ಮಾತು ಕೊನೆಯ ಸಾಲಿಗೂ ಕೇಳಬೇಕೆಂದು ಕಟ್ಟಿದ ಆ ಜಾಗದಲ್ಲಿ ಒಂದು ಒಂಟಿ ಗಿಟಾರ್ ಕೇಳಿದರೂ ಅದರ ನಾದ ಮೈತುಂಬ ಬರುತ್ತದೆ. 1943ರಿಂದ 1974ರವರೆಗೆ ಆಪ್ರಿ ನಡೆದದ್ದು ಅಲ್ಲಿಯೇ. ಹೊಸ ಭವನಕ್ಕೆ ಹೋಗುವಾಗ ರೈಮನ್ ವೇದಿಕೆಯ ಹಲಗೆಯಿಂದ ಆರು ಅಡಿ ವ್ಯಾಸದ ಒಂದು ವೃತ್ತವನ್ನು ಕತ್ತರಿಸಿ ಹೊಸ ವೇದಿಕೆಯ ನಡುವೆ ಕೂರಿಸಿದರು. 2010ರ ಮೇ ತಿಂಗಳಿನ ಪ್ರವಾಹದಲ್ಲಿ ವೇದಿಕೆ ಮುಳುಗಿದರೂ ಆ ವೃತ್ತವನ್ನು ಉಳಿಸಿಕೊಂಡು ಮತ್ತೆ ಅಲ್ಲಿಯೇ ಇಟ್ಟಿದ್ದಾರೆ. ಹಾಡುವವರೆಲ್ಲ ಅದರ ಮೇಲೆ ನಿಂತೇ ಹಾಡುತ್ತಾರೆ. ನಿಮ್ಮ ತಂದೆಯವರಿಗೆ ಇದನ್ನು ಮೊದಲೇ ಹೇಳಿಟ್ಟಿರಿ, ಅವರ ಕಣ್ಣು ತಾನೇ ಅಲ್ಲಿಗೆ ಹೋಗುತ್ತದೆ.

ಮಲೆನಾಡ ಮಳೆ:

ಮೇಲಿನವರ ಮಾತಿಗೆ ನನ್ನ ಸಹಮತವಿದೆ, ಆದರೆ ಬ್ರಾಡ್‌ವೇಯನ್ನು ಪೂರ್ತಿ ಬಿಟ್ಟುಬಿಡಿ ಎಂದು ಯಾರೂ ಹೇಳಬಾರದೆಂದು ನನ್ನ ವಿನಂತಿ. ಶನಿವಾರ ರಾತ್ರಿ ಅಲ್ಲಿ ನಿಲ್ಲುವುದು ಹಿರಿಯರಿಗೆ ಸಾಧ್ಯವಿಲ್ಲವೆಂಬುದು ನಿಜ. ವಾರದ ದಿನ ಮಧ್ಯಾಹ್ನ ಹೋಗಿ. ಬೆಳಿಗ್ಗೆ ಹತ್ತು ಹನ್ನೊಂದಕ್ಕೆಲ್ಲ ಒಂದೊಂದು ಬಾಗಿಲಿನೊಳಗೂ ಒಂದೊಂದು ತಂಡ ನುಡಿಸಲು ಆರಂಭಿಸಿರುತ್ತದೆ. ಹೆಚ್ಚಿನ ಕಡೆ ಪ್ರವೇಶ ಶುಲ್ಕವಿಲ್ಲ. ಕಲಾವಿದರ ಸಂಪಾದನೆಯ ದೊಡ್ಡ ಪಾಲು ಕೇಳುಗರು ಹಾಕುವ ಹಣದಿಂದಲೇ ಬರುತ್ತದೆ, ಆದ್ದರಿಂದ ಡಬ್ಬ ಬಂದಾಗ ಧಾರಾಳವಾಗಿ ಹಾಕಬೇಕು. ಸುಮಾರು ನಾಲ್ಕು ಗಂಟೆಯ ಪಾಳಿಯಲ್ಲಿ ಎಡೆಬಿಡದೆ ನುಡಿಸುವ ಆ ವಾದ್ಯಗಾರರ ಕೈಚಳಕವನ್ನು ನಿಮ್ಮ ತಂದೆಯವರು ಖಂಡಿತ ಗುರುತಿಸುತ್ತಾರೆ. ರಾಬರ್ಟ್ಸ್ ವೆಸ್ಟರ್ನ್ ವರ್ಲ್ಡ್ ಎಂಬಲ್ಲಿ ಹಳೆಯ ಶೈಲಿಯ ಹಾಡುಗಳನ್ನೇ ನುಡಿಸುತ್ತಾರೆ. ನಿಂಬೆ ಪಾನಕ ತೆಗೆದುಕೊಂಡು ಹಿಂದಿನ ಮೇಜಿನಲ್ಲಿ ಕುಳಿತರೆ ಯಾರೂ ಏನೂ ಕೇಳುವುದಿಲ್ಲ. ತಾಯಿಯವರಿಗೆ ಕಿವಿಗೆ ಇಟ್ಟುಕೊಳ್ಳುವ ಹತ್ತಿ ಅಥವಾ ಬೆಣೆ ಜೊತೆಯಲ್ಲಿರಲಿ.

ಶ್ರುತಿಪೆಟ್ಟಿಗೆ:

ವೀಣೆ ನುಡಿಸಿದವರು ಬರುತ್ತಾರೆಂದು ಓದಿ ಬಹಳ ಸಂತೋಷವಾಯಿತು. ಅವರಿಗಾಗಿಯೇ ಎರಡು ಸಂಗತಿಗಳನ್ನು ವಿವರವಾಗಿ ಬರೆಯುತ್ತಿದ್ದೇನೆ.

ಒಂದು, ಇಲ್ಲಿನ ಸ್ಟುಡಿಯೋ ವಾದ್ಯಗಾರರು ಬಳಸುವ ಅಂಕಿಗಳ ಲಿಪಿ. 1950ರ ದಶಕದ ಕೊನೆಯಲ್ಲಿ ಜಾರ್ಡನೇರ್ಸ್ ಎಂಬ ಗಾಯನ ತಂಡದ ನೀಲ್ ಮ್ಯಾಥ್ಯೂಸ್ ತಮ್ಮ ತಂಡದ ಅನುಕೂಲಕ್ಕಾಗಿ ಇದನ್ನು ರೂಪಿಸಿದರು. ಹಾರ್ಮೋನಿಕಾ ವಾದಕ ಚಾರ್ಲಿ ಮೆಕಾಯ್ ಮುಂತಾದವರು ಅದನ್ನು ವಾದ್ಯಗಾರರ ನಡುವೆ ಹರಡಿದರು. ಪಾಶ್ಚಾತ್ಯ ಪದ್ಧತಿಯಲ್ಲಿ ಸ್ವರಮೇಳಗಳನ್ನು, ಅಂದರೆ ಒಟ್ಟಿಗೆ ಮೊಳಗುವ ಸ್ವರಗಳ ಗುಂಪುಗಳನ್ನು, ಸಿ, ಎಫ್, ಜಿ ಎಂದು ಸ್ಥಿರವಾದ ಹೆಸರುಗಳಿಂದ ಬರೆಯುತ್ತಾರೆ, ಆದ್ದರಿಂದ ಹಾಡುವವರು ತಮ್ಮ ಕಂಠಕ್ಕೆ ತಕ್ಕಂತೆ ಶ್ರುತಿ ಬದಲಿಸಿದರೆ ಬರೆದದ್ದೆಲ್ಲವನ್ನೂ ತಿದ್ದಬೇಕಾಗುತ್ತದೆ. ನ್ಯಾಶ್‌ವಿಲ್‌ನವರು ಅದರ ಬದಲು ಆಧಾರ ಸ್ವರದಿಂದ ಎಣಿಸಿ 1, 4, 5 ಎಂದು ಬರೆಯುತ್ತಾರೆ. ಶ್ರುತಿ ಯಾವುದೇ ಆದರೂ ಕಾಗದ ಅದೇ. ನಮ್ಮಲ್ಲಿ ಗಾಯಕಿ ಐದು ಕಟ್ಟೆ ಶ್ರುತಿಯಲ್ಲಿ ಹಾಡಲಿ, ಗಾಯಕ ಒಂದು ಕಟ್ಟೆ ಶ್ರುತಿಯಲ್ಲಿ ಹಾಡಲಿ, ಸ ಮ ಪ ಎಂದು ಬರೆದುಕೊಂಡ ಸಾಹಿತ್ಯದ ಸ್ವರಲಿಪಿ ಬದಲಾಗುವುದಿಲ್ಲವಷ್ಟೆ. ಸ್ಥಾನವನ್ನು ಆಧಾರ ಸ್ವರವಾದ ಷಡ್ಜದಿಂದಲೇ ಗುರುತಿಸುವ ಅದೇ ವಿಚಾರ ಇಲ್ಲಿಯೂ ಕೆಲಸ ಮಾಡುತ್ತದೆ. ವ್ಯತ್ಯಾಸವೆಂದರೆ ಇಲ್ಲಿ 1 ಎಂಬುದು ಒಂದು ಸ್ವರವಲ್ಲ, ಷಡ್ಜ, ಅಂತರ ಗಾಂಧಾರ, ಪಂಚಮ ಮೂರೂ ಕೂಡಿ ಮೊಳಗುವ ಗುಂಪು. 4 ಎಂದರೆ ಶುದ್ಧ ಮಧ್ಯಮದ ಮೇಲೆ ಕಟ್ಟಿದ ಅಂಥದ್ದೇ ಗುಂಪು. ಇಷ್ಟನ್ನು ತಿಳಿಸಿ ಕೂರಿಸಿದರೆ ಹಾಡು 1ರಿಂದ 4ಕ್ಕೆ, 5ಕ್ಕೆ ಹೋಗಿ ಮನೆಗೆ ಮರಳುವುದನ್ನು ನಿಮ್ಮ ತಂದೆಯವರು ಮೊದಲ ಸಂಜೆಯೇ ಹಿಡಿಯುತ್ತಾರೆ.

ಎರಡನೆಯದು ಪೆಡಲ್ ಸ್ಟೀಲ್ ಗಿಟಾರ್. ಅಡ್ಡವಾಗಿ ಮೇಜಿನಂತೆ ನಿಂತ ವಾದ್ಯ; ಎಡಗೈಯಲ್ಲಿ ಉಕ್ಕಿನ ದುಂಡನೆಯ ಸರಳನ್ನು ತಂತಿಗಳ ಮೇಲೆ ಜಾರಿಸುತ್ತಾರೆ, ಕಾಲಿನಿಂದ ಪೆಡಲುಗಳನ್ನೂ ಮೊಣಕಾಲಿನಿಂದ ಸನ್ನೆಕೋಲುಗಳನ್ನೂ ಒತ್ತಿ, ನುಡಿಯುತ್ತಿರುವ ತಂತಿಯ ಬಿಗಿತವನ್ನೇ ಬದಲಿಸುತ್ತಾರೆ. ಮೆಟ್ಟಿಲಿನಿಂದ ಮೆಟ್ಟಿಲಿಗೆ ಹಾರದೆ ಸ್ವರ ಸ್ವರದೊಳಗೆ ಕರಗುವುದನ್ನು ಕೇಳಿದಾಗ ನಮ್ಮ ಜಾರು ಗಮಕ ನೆನಪಾಗದೆ ಇರದು. ಅದರ ಮೂಲ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹವಾಯಿ ದ್ವೀಪಗಳಲ್ಲಿ ಹುಟ್ಟಿದ ಗಿಟಾರ್ ವಾದನ ಕ್ರಮ. ಅದೇ ಕ್ರಮ ಇನ್ನೊಂದು ದಿಕ್ಕಿನಿಂದ ಭಾರತಕ್ಕೂ ಬಂದು, ಹಿಂದುಸ್ತಾನಿ ಸಂಗೀತದಲ್ಲಿ ಬ್ರಿಜ್‌ಭೂಷಣ್ ಕಾಬ್ರಾ, ವಿಶ್ವಮೋಹನ ಭಟ್ ಅವರ ಕೈಯಲ್ಲಿ ಬೆಳೆಯಿತು. ಆ ಕುಟುಂಬದ ಮತ್ತೊಂದು ವಾದ್ಯವಾದ ಡೋಬ್ರೊವನ್ನು ನುಡಿಸುವ, ಇಲ್ಲಿನ ಹೆಸರಾಂತ ಕಲಾವಿದ ಜೆರ್ರಿ ಡಗ್ಲಸ್ ಅವರು ಭಟ್ ಅವರೊಂದಿಗೆ ಧ್ವನಿಮುದ್ರಣವನ್ನೂ ಮಾಡಿದ್ದಾರೆ. 2006ರಲ್ಲಿ ಇಲ್ಲಿನ ಷರ್ಮರ್‌ಹಾರ್ನ್ ಸಿಂಫನಿ ಭವನ ತೆರೆದಾಗ, ಆ ಸಂದರ್ಭಕ್ಕೆಂದೇ ಬ್ಯಾಂಜೊ ವಾದಕ ಬೇಲಾ ಫ್ಲೆಕ್, ಬಾಸ್ ವಾದಕ ಎಡ್ಗರ್ ಮೇಯರ್ ಮತ್ತು ನಮ್ಮ ಜಾಕಿರ್ ಹುಸೇನ್ ಸೇರಿ ವಾದ್ಯವೃಂದದೊಂದಿಗೆ ನುಡಿಸುವ ಕೃತಿಯೊಂದನ್ನು ರಚಿಸಿದ್ದರು.

ತುಂಗಾತೀರ:

ಶ್ರುತಿಪೆಟ್ಟಿಗೆ ಅವರೇ, ನಿಮ್ಮ ಬರಹವನ್ನು ತಂದೆಯವರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಮೂರು ಸ್ವರಗಳು ಕೂಡಿ ಮೊಳಗುವಾಗ ರಾಗದ ಚಲನೆಗೆ ಎಡೆ ಎಲ್ಲಿರುತ್ತದೆ ಎಂದು ಅವರು ಕೇಳುತ್ತಿದ್ದಾರೆ. ಇದಕ್ಕೆ ಉತ್ತರ ಕೊಡುವಷ್ಟು ತಿಳಿವಳಿಕೆ ನನಗಿಲ್ಲ. ಮಾತು ಅರ್ಥವಾಗುವಂತೆ ಹಾಡುವ, ಹತ್ತಿರದಿಂದ ಕೇಳಬಹುದಾದ ಸಣ್ಣ ಜಾಗಗಳೇನಾದರೂ ಇವೆಯೇ?

ಹಳೇ ರೇಡಿಯೋ:

ಇವೆ, ಮತ್ತು ನನ್ನ ದೃಷ್ಟಿಯಲ್ಲಿ ಈ ನಗರದ ಜೀವ ಇರುವುದು ಅಲ್ಲಿಯೇ. ನ್ಯಾಶ್‌ವಿಲ್ ಮೊದಲಿಗೆ ಹಾಡು ಬರೆಯುವವರ ಊರು. ಗ್ರೀನ್ ಹಿಲ್ಸ್ ಎಂಬ ಬಡಾವಣೆಯಲ್ಲಿ, ಅಂಗಡಿಗಳ ಸಾಲಿನ ನಡುವೆ, ಬ್ಲೂಬರ್ಡ್ ಕೆಫೆ ಎಂಬ ಪುಟ್ಟ ಜಾಗವಿದೆ. 1982ರಲ್ಲಿ ಊಟದ ಮನೆಯಾಗಿ ತೆರೆದ ಅದರಲ್ಲಿ ಸುಮಾರು 90 ಜನ ಕೂರಬಹುದು. ಕೋಣೆಯ ಮಧ್ಯದಲ್ಲಿ ಮೂರು ನಾಲ್ಕು ಮಂದಿ ಗೀತರಚನಕಾರರು ಒಬ್ಬರಿಗೊಬ್ಬರು ಎದುರಾಗಿ ಕುಳಿತು, ಸರದಿಯಲ್ಲಿ ತಮ್ಮ ತಮ್ಮ ಹಾಡು ಹಾಡುತ್ತಾರೆ. ಹಾಡಿನ ಮೊದಲು ಅದು ಹುಟ್ಟಿದ ಸಂದರ್ಭವನ್ನು ಹೇಳುತ್ತಾರೆ. ಒಬ್ಬರು ಹಾಡುವಾಗ ಉಳಿದವರು ಮೆಲ್ಲಗೆ ಗಿಟಾರ್ ಸೇರಿಸುತ್ತಾರೆ. ಲಕ್ಷಾಂತರ ಜನರು ಬೇರೊಬ್ಬ ಪ್ರಸಿದ್ಧರ ಕಂಠದಲ್ಲಿ ಕೇಳಿದ ಹಾಡನ್ನು ಬರೆದವರೇ, ತಮ್ಮ ಸಾಮಾನ್ಯ ದನಿಯಲ್ಲಿ, ನಿಮ್ಮಿಂದ ಒಂದು ಮಾರು ದೂರದಲ್ಲಿ ಹಾಡುತ್ತಾರೆ. ಅಲ್ಲಿ ಮಾತನಾಡುವಂತಿಲ್ಲ, ಮಾತನಾಡಿದವರನ್ನು ಸಿಬ್ಬಂದಿಯೇ ಬಂದು ಸುಮ್ಮನಾಗಿಸುತ್ತಾರೆ. ಸಭೆಯ ಮರ್ಯಾದೆ ಬಲ್ಲ ನಿಮ್ಮ ತಂದೆಯವರಿಗೆ ಆ ಮೌನವೇ ಪರಿಚಿತವೆನಿಸೀತು. ಜಾಲತಾಣದಲ್ಲಿ ಮುಂಗಡ ಕಾದಿರಿಸುವಿಕೆ ತೆರೆದ ಕೆಲವೇ ನಿಮಿಷಗಳಲ್ಲಿ ಸ್ಥಳ ಮುಗಿಯುತ್ತದೆ, ಆದ್ದರಿಂದ ಯಾವ ದಿನ ಎಷ್ಟು ಹೊತ್ತಿಗೆ ತೆರೆಯುತ್ತದೆಂದು ನೋಡಿಟ್ಟುಕೊಂಡು ಕಾದು ಕುಳಿತುಕೊಳ್ಳಿ.

ಸಿಗದಿದ್ದರೆ ಸ್ಟೇಷನ್ ಇನ್‌ಗೆ ಹೋಗಿ. 1974ರಲ್ಲಿ ಆರಂಭವಾದ, ಬ್ಲೂಗ್ರಾಸ್ ಸಂಗೀತಕ್ಕೆ ಮೀಸಲಾದ ಜಾಗ. ಸುತ್ತಲೂ ಗಾಜಿನ ಎತ್ತರದ ಕಟ್ಟಡಗಳು ಎದ್ದಿದ್ದರೂ ಅದು ಮಾತ್ರ ತಗ್ಗು ಮಾಡಿನ ಕಲ್ಲಿನ ಮನೆಯಾಗಿ ಉಳಿದಿದೆ. 1945ರ ಡಿಸೆಂಬರ್‌ನಲ್ಲಿ ರೈಮನ್ ವೇದಿಕೆಯ ಮೇಲೆ ಬಿಲ್ ಮನ್ರೋ ಅವರ ತಂಡಕ್ಕೆ ಅರ್ಲ್ ಸ್ಕ್ರಗ್ಸ್ ಎಂಬ ಯುವಕ ಸೇರಿ ಮೂರು ಬೆರಳುಗಳಿಂದ ಬ್ಯಾಂಜೊ ಮೀಟಿದ್ದರಿಂದ ಈ ಶೈಲಿಗೆ ಪೂರ್ಣರೂಪ ಬಂದಿತೆನ್ನುತ್ತಾರೆ. ಮ್ಯಾಂಡೊಲಿನ್, ಪಿಟೀಲು, ಬ್ಯಾಂಜೊ ಒಂದರ ನಂತರ ಒಂದು ಮುಂದೆ ಬಂದು ನುಡಿಸಿ ಹಿಂದೆ ಸರಿಯುತ್ತವೆ. ರಾಗದ ಚಲನೆಯ ಬಗ್ಗೆ ತಂದೆಯವರು ಕೇಳಿದ ಪ್ರಶ್ನೆಗೆ ಆ ಪಿಟೀಲುಗಾರರು ನನಗಿಂತ ಚೆನ್ನಾಗಿ ಉತ್ತರಿಸುತ್ತಾರೆ: ಅಪಲೇಷಿಯನ್ ಬೆಟ್ಟಗಳ ಹಳೆಯ ಧಾಟಿಗಳು ಹಲವು ಐದೇ ಸ್ವರಗಳಲ್ಲಿ ಸಂಚರಿಸುತ್ತವೆ, ಅವುಗಳಲ್ಲಿ ಕೆಲವನ್ನು ಕೇಳಿದಾಗ ಮೋಹನ ರಾಗದ ಸ್ವರಗಳೇ ಕಿವಿಗೆ ಬೀಳುತ್ತವೆ.

ದೀಪದ ಕಂಬ:

ಇಲ್ಲಿಯವರೆಗಿನ ಚರ್ಚೆಯಲ್ಲಿ ಬಾರದ ಒಂದು ಮುಖ್ಯ ಸಂಗತಿಯನ್ನು ಸೇರಿಸಬೇಕೆನಿಸಿತು. ಈ ಊರಿನ ಕೀರ್ತಿ ಹಳ್ಳಿಗಾಡಿನ ಬಿಳಿಯರ ಸಂಗೀತದಿಂದಲೇ ಬಂದದ್ದೆಂದು ತಿಳಿದು ಹಿಂತಿರುಗಿದರೆ ಅದು ಅರ್ಧ ಚಿತ್ರ. ಆಪ್ರಿ ಹುಟ್ಟುವುದಕ್ಕೆ ಅರ್ಧ ಶತಮಾನಕ್ಕೂ ಮೊದಲು, 1871ರಲ್ಲಿ, ಇಲ್ಲಿನ ಫಿಸ್ಕ್ ವಿದ್ಯಾಸಂಸ್ಥೆ ಹಣವಿಲ್ಲದೆ ಮುಚ್ಚುವ ಸ್ಥಿತಿಗೆ ಬಂದಾಗ, ಒಂಬತ್ತು ಜನ ಕಪ್ಪು ವಿದ್ಯಾರ್ಥಿಗಳ ಗುಂಪು ಹಾಡುತ್ತ ಊರೂರು ಹೊರಟಿತು. ಅವರಲ್ಲಿ ಹೆಚ್ಚಿನವರು ಗುಲಾಮಗಿರಿಯಲ್ಲಿ ಹುಟ್ಟಿದವರು. ತಮ್ಮ ತಾಯಂದಿರು ಹೊಲಗಳಲ್ಲಿ, ಗುಟ್ಟಿನ ಪ್ರಾರ್ಥನೆಗಳಲ್ಲಿ ಹಾಡುತ್ತಿದ್ದ ಭಕ್ತಿಗೀತೆಗಳನ್ನು ಅವರು ವೇದಿಕೆಗೆ ತಂದರು. 1873ರಲ್ಲಿ ವಿಕ್ಟೋರಿಯಾ ರಾಣಿಯ ಮುಂದೆಯೂ ಹಾಡಿದರು. ಆ ಹಾಡುಗಳಿಂದ ಬಂದ ಹಣದಿಂದ ಕಟ್ಟಿದ ಜೂಬಿಲಿ ಹಾಲ್ ಇಂದಿಗೂ ನಿಂತಿದೆ. ಫಿಸ್ಕ್ ಜೂಬಿಲಿ ಸಿಂಗರ್ಸ್ ತಂಡ ತಲೆಮಾರಿನಿಂದ ತಲೆಮಾರಿಗೆ ನಡೆದುಕೊಂಡು ಬಂದಿದೆ. ನೀವು ಹೋಗುವ ದಿನಗಳಲ್ಲಿ ಅವರ ಕಾರ್ಯಕ್ರಮವಿದ್ದರೆ ಬೇರೆ ಏನನ್ನಾದರೂ ಬಿಟ್ಟು ಅದನ್ನು ಕೇಳಿ.

ಆಪ್ರಿಯ ಮೊದಲ ತಾರೆಗಳಲ್ಲಿಯೂ ಒಬ್ಬರು ಕಪ್ಪು ಜನಾಂಗದ ಹಾರ್ಮೋನಿಕಾ ವಾದಕ ಡಿಫೋರ್ಡ್ ಬೇಲಿ. ಬಾಯಿಯಲ್ಲಿಟ್ಟ ಆ ಸಣ್ಣ ವಾದ್ಯದಿಂದ ಓಡುವ ರೈಲನ್ನು ಕಣ್ಣಿಗೆ ಕಟ್ಟಿಸುತ್ತಿದ್ದರು. 1941ರಲ್ಲಿ ಅವರನ್ನು ಕೈಬಿಡಲಾಯಿತು, ಆಮೇಲೆ ಬೂಟು ಪಾಲಿಶ್ ಮಾಡುವ ಅಂಗಡಿಯಿಂದ ಜೀವನ ಸಾಗಿಸಿದರು. ಈ ಹಳ್ಳಿಗಾಡಿನ ಸಂಗೀತದ ಸಾಧಕರನ್ನು ಗೌರವಿಸುವ ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್ ಸಂಗ್ರಹಾಲಯದಲ್ಲಿ ಅವರ ಹೆಸರು ಸೇರಿದ್ದು 2005ರಲ್ಲಿ, ಅವರು ತೀರಿಕೊಂಡು ಎರಡು ದಶಕಗಳಾದ ಮೇಲೆ. ಇದನ್ನು ಓದುವಾಗಲೆಲ್ಲ ನನಗೆ ಸಂಕಟವಾಗುತ್ತದೆ. ಬ್ಯಾಂಜೊ ಕೂಡ ಆಫ್ರಿಕಾದಿಂದ ಸೆರೆಯಾಗಿ ಬಂದವರ ಸೋರೆಬುರುಡೆಯ ವಾದ್ಯಗಳಿಂದ ಬೆಳೆದದ್ದು. ರೈಮನ್‌ನಿಂದ ಕೂಗಳತೆಯಲ್ಲಿ 2021ರ ಜನವರಿಯಲ್ಲಿ ತೆರೆದ ಆಫ್ರಿಕನ್ ಅಮೆರಿಕನ್ ಸಂಗೀತದ ರಾಷ್ಟ್ರೀಯ ವಸ್ತುಸಂಗ್ರಹಾಲಯ ಈ ಕಥೆಯನ್ನೆಲ್ಲ ಕೇಳಿಸುತ್ತ ತೋರಿಸುತ್ತದೆ. ಲಿಫ್ಟ್ ಇರುವುದರಿಂದ ತಾಯಿಯವರಿಗೂ ಕಷ್ಟವಾಗದು.

ಭಾರತದಿಂದ ಬಂದವರಿಗೆ ಇನ್ನೊಂದು ಮಾತು. 1960ರ ಫೆಬ್ರುವರಿಯಲ್ಲಿ ಇಲ್ಲಿನ ಕಪ್ಪು ವಿದ್ಯಾರ್ಥಿಗಳು, ತಮಗೆ ಊಟ ಬಡಿಸಲು ಒಪ್ಪದ ಅಂಗಡಿಗಳ ಕಟ್ಟೆಗಳ ಮುಂದೆ ಹೋಗಿ ಸುಮ್ಮನೆ ಕುಳಿತು ಸತ್ಯಾಗ್ರಹ ಮಾಡಿದರು. ಹೊಡೆದರೂ ಕೈಯೆತ್ತದಿರುವುದನ್ನು ಅವರಿಗೆ ಅಭ್ಯಾಸ ಮಾಡಿಸಿದ ಜೇಮ್ಸ್ ಲಾಸನ್, ಅದಕ್ಕೂ ಮುಂಚೆ ನಾಗಪುರದಲ್ಲಿ ಸುಮಾರು ಮೂರು ವರ್ಷ ಇದ್ದು ಗಾಂಧೀಜಿಯ ಮಾರ್ಗವನ್ನು ಅರಿತು ಬಂದವರು. ನಗರದ ಮುಖ್ಯ ಸಾರ್ವಜನಿಕ ಗ್ರಂಥಾಲಯದಲ್ಲಿ ಈ ಹೋರಾಟಕ್ಕೆ ಮೀಸಲಾದ ಕೋಣೆಯಿದೆ, ಪ್ರವೇಶ ಉಚಿತ. ನಿಮ್ಮ ತಂದೆಯವರ ಪೀಳಿಗೆಯವರು ಅಲ್ಲಿ ಬಹಳ ಹೊತ್ತು ನಿಲ್ಲುತ್ತಾರೆ.

ಅನ್ನಸಾರು:

ಊಟದ ವಿಷಯ ಯಾರೂ ಹೇಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಇಲ್ಲಿನ ಹಳೆಯ ಊಟದ ಮನೆಗಳಲ್ಲಿ ಒಂದು ಮಾಂಸದ ಪದಾರ್ಥದೊಂದಿಗೆ ಮೂರು ತರಕಾರಿ ಕೊಡುವುದು ರೂಢಿ. ಬರೀ ತರಕಾರಿಗಳ ತಟ್ಟೆಯನ್ನೂ ಕೇಳಿ ಪಡೆಯಬಹುದು. ಆದರೆ ಎಚ್ಚರಿಕೆ ಬೇಕು. ಹುರುಳಿಕಾಯಿ, ಸೊಪ್ಪು, ಬೇಯಿಸಿದ ಕಾಳುಗಳಲ್ಲಿ ರುಚಿಗೆಂದು ಹಂದಿ ಮಾಂಸದ ತುಂಡು ಹಾಕುವುದು ದಕ್ಷಿಣ ರಾಜ್ಯಗಳಲ್ಲಿ ಸಾಮಾನ್ಯ. ಪ್ರತಿಯೊಂದನ್ನೂ ಕೇಳಿಯೇ ತೆಗೆದುಕೊಳ್ಳಿ. ನೊಲೆನ್ಸ್‌ವಿಲ್ ರಸ್ತೆಯ ಸುತ್ತ ದೊಡ್ಡ ಕುರ್ದಿಷ್ ಸಮುದಾಯವಿದೆ, ಅಲ್ಲಿಯ ಅಂಗಡಿಗಳ ಬಿಸಿ ರೊಟ್ಟಿ ಮತ್ತು ಫಲಾಫೆಲ್ ನಮ್ಮವರಿಗೆ ಚೆನ್ನಾಗಿ ಒಗ್ಗುತ್ತದೆ. ಪಶ್ಚಿಮದ ಬೆಲ್‌ವ್ಯೂ ಕಡೆ ಶ್ರೀ ಗಣೇಶ ದೇವಸ್ಥಾನವಿದೆ. ಭಾನುವಾರ ಬೆಳಿಗ್ಗೆ ದರ್ಶನ ಮಾಡಿಕೊಂಡು ಹೊರಡಬಹುದು.

ಮಲೆನಾಡ ಮಳೆ:

ದೇವಸ್ಥಾನದ ದಾರಿಯಲ್ಲಿಯೇ ಸೆಂಟೆನಿಯಲ್ ಪಾರ್ಕಿಗೂ ಹೋಗಬಹುದು. 1897ರ ವಸ್ತುಪ್ರದರ್ಶನಕ್ಕಾಗಿ ಅಥೆನ್ಸಿನ ಪಾರ್ಥೆನಾನ್ ದೇಗುಲವನ್ನು ಪೂರ್ಣ ಅಳತೆಯಲ್ಲಿ ಇಲ್ಲಿ ಕಟ್ಟಿದ್ದರು, ಒಳಗೆ 42 ಅಡಿಯ ಅಥೀನಾ ವಿಗ್ರಹವಿದೆ. ಸಂಗೀತಕ್ಕೆ ಸಂಬಂಧವಿಲ್ಲದಿದ್ದರೂ ತಾಯಿಯವರಿಗೆ ಕೂರಲು ನೆರಳಿನ ಬೆಂಚುಗಳಿವೆ.

ಹಳೇ ರೇಡಿಯೋ:

ಒಂದು ದಿನ ಬೆಳಿಗ್ಗೆ ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್ ನೋಡುವಾಗ, ಅಲ್ಲಿಂದಲೇ ಬಸ್ಸಿನಲ್ಲಿ ಕರೆದೊಯ್ಯುವ ಆರ್‌ಸಿಎ ಸ್ಟುಡಿಯೋ ಬಿ ಭೇಟಿಯನ್ನೂ ಸೇರಿಸಿಕೊಳ್ಳಿ. 1957ರಲ್ಲಿ ಕಟ್ಟಿದ ಸಾಧಾರಣ ಕೋಣೆ. ಎಲ್ವಿಸ್ ಪ್ರೆಸ್ಲಿ ಇನ್ನೂರಕ್ಕೂ ಹೆಚ್ಚು ಹಾಡುಗಳನ್ನು ಧ್ವನಿಮುದ್ರಿಸಿದ್ದು ಅಲ್ಲಿ. ಶ್ರುತಿಪೆಟ್ಟಿಗೆ ಅವರು ವಿವರಿಸಿದ ಅಂಕಿಗಳ ಲಿಪಿಯಿಂದ ಮೂರು ಗಂಟೆಯೊಳಗೆ ಮೂರು ನಾಲ್ಕು ಹಾಡುಗಳನ್ನು ಮುಗಿಸುತ್ತಿದ್ದ ಕಾಲದ ಕೆಲಸ ಹೇಗಿತ್ತೆಂಬುದು ಅಲ್ಲಿ ನಿಂತಾಗ ತಿಳಿಯುತ್ತದೆ. ಅಂದಹಾಗೆ, ಅಟ್ಲಾಂಟಾದಿಂದ ಹೊರಟರೆ ಸುಮಾರು ನಾಲ್ಕು ಗಂಟೆಯ ದಾರಿ; ನಡುವೆ ಕಾಲವಲಯ ಬದಲಾಗುವುದರಿಂದ ಬರುವಾಗ ಒಂದು ಗಂಟೆ ಉಳಿಯುತ್ತದೆ, ಹಿಂತಿರುಗುವಾಗ ಕಳೆಯುತ್ತದೆ.

ತುಂಗಾತೀರ:

ಹೋಗಿ ಬಂದೆವು. ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಬ್ಲೂಬರ್ಡ್‌ನಲ್ಲಿ ಸ್ಥಳ ಸಿಗಲಿಲ್ಲ, ಆಪ್ರಿ ಮತ್ತು ಸ್ಟೇಷನ್ ಇನ್ ಎರಡೂ ಆದವು. ಆಪ್ರಿಯಲ್ಲಿ ತಂದೆಯವರು ಹಾಡುವವರನ್ನು ಬಿಟ್ಟು ಹಿಂದೆ ಕುಳಿತ ಪೆಡಲ್ ಸ್ಟೀಲ್ ವಾದಕರನ್ನೇ ನೋಡುತ್ತಿದ್ದರು. ವೀಣೆಯಲ್ಲಿ ತಂತಿಯನ್ನು ಎಳೆದು ತೆಗೆಯುವ ಸ್ವರವನ್ನು ಇವರು ಮೊಣಕಾಲಿನಿಂದ ತೆಗೆಯುತ್ತಾರೆ, ಆದರೆ ಒಂದು ತಂತಿ ನಿಂತಲ್ಲಿಯೇ ನಿಂತಿರುವಾಗ ಪಕ್ಕದ ತಂತಿ ಮಾತ್ರ ಏರುವುದು ನಮ್ಮಲ್ಲಿ ಇಲ್ಲ ಎಂದರು. ದಾರಿಯುದ್ದಕ್ಕೂ ಇದೇ ಮಾತು. ತಾಯಿಯವರಿಗೆ ಗ್ರಂಥಾಲಯದ ಆ ಕೋಣೆ ಬಹಳ ಹಿಡಿಸಿತು. ತಂದೆಯವರು ಊರಿಗೆ ಮರಳುವ ಮುನ್ನ ಪೆಡಲ್ ಸ್ಟೀಲ್ ಇನ್ನಷ್ಟು ಕೇಳಬೇಕೆನ್ನುತ್ತಿದ್ದಾರೆ. ಯಾರಿಂದ ಆರಂಭಿಸಬೇಕು?

ಶ್ರುತಿಪೆಟ್ಟಿಗೆ:

ಬಡ್ ಐಸಾಕ್ಸ್ ಅವರಿಂದ ಆರಂಭಿಸಿ. 1954ರಲ್ಲಿ ಬಂದ ವೆಬ್ ಪಿಯರ್ಸ್ ಅವರ ‘ಸ್ಲೋಲಿ’ ಎಂಬ ಹಾಡಿನಲ್ಲಿ, ತಂದೆಯವರು ಗುರುತಿಸಿದ ಅದೇ ತಂತ್ರವನ್ನು, ಅಂದರೆ ನುಡಿಯುತ್ತಿರುವ ಸ್ವರಗಳಲ್ಲಿ ಕೆಲವನ್ನು ನಿಲ್ಲಿಸಿ ಕೆಲವನ್ನು ಪೆಡಲಿನಿಂದ ಏರಿಸುವುದನ್ನು ಅವರು ನುಡಿಸಿದ ಮೇಲೆ ಉಳಿದ ವಾದಕರೆಲ್ಲ ತಮ್ಮ ವಾದ್ಯಗಳಿಗೆ ಪೆಡಲ್ ಹಾಕಿಸಲು ಮುಂದಾದರು. ಆಮೇಲೆ ಬಡ್ಡಿ ಎಮನ್ಸ್ ಅವರನ್ನು ಕೇಳಿಸಿ. ವಾದ್ಯದ ರಚನೆಯನ್ನೂ ವಾದನವನ್ನೂ ಅವರಷ್ಟು ಬೆಳೆಸಿದವರು ವಿರಳ. ಲಾಯ್ಡ್ ಗ್ರೀನ್ ಅವರದು ಕಡಿಮೆ ಸ್ವರಗಳ, ಹಾಡಿಗೆ ಎಡೆಬಿಟ್ಟುಕೊಡುವ ವಾದನ, ವೀಣೆಯ ಕಿವಿಗೆ ಅದು ಹೆಚ್ಚು ಹತ್ತಿರವಾಗಬಹುದು. ಈಗಿನವರಲ್ಲಿ ಪಾಲ್ ಫ್ರಾಂಕ್ಲಿನ್. ಹೆಡ್‌ಫೋನಿನಲ್ಲಿ ಕೇಳಿಸಿ, ತಂತಿ ಏರುವ ಕ್ಷಣಗಳು ಆಗ ಬಿಡಿಬಿಡಿಯಾಗಿ ತಿಳಿಯುತ್ತವೆ.